ಕಪಾಟಿನ ಬೀಗದಕೈ

ಸ್ಮರಣ ಸಂಚಿಕೆಗೆ ನಾಟಕ ಸಂಘದ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ ಮೇಲೆ ಹಳೆಯ ಸಂಚಿಕೆಗಳನ್ನೆಲ್ಲ ತೆಗೆದು ಹರವಿಕೊಂಡು ಕೂತೆ. ಎಲ್ಲದರಲ್ಲೂ ಒಂದೇ ಬಗೆಯ ಫೋಟೊ. ನಡುವಿನ ಕುರ್ಚಿಯಲ್ಲಿ ಪ್ರಾಂಶುಪಾಲರು, ಒಂದು ಪಕ್ಕದಲ್ಲಿ ಮುಖ್ಯ ಅತಿಥಿ, ಇನ್ನೊಂದು ಪಕ್ಕದಲ್ಲಿ ನಾನು, ಹಿಂದೆ ಮೀಸೆ ಅಂಟಿಸಿಕೊಂಡ ರಾಜ, ಮಂತ್ರಿ, ಸೇನಾಪತಿ. ಆ ರಾಜನ ನಿಲುವಂಗಿಗೆ ಬಟ್ಟೆ ಹುಡುಕಿದವನು, ಟೆಂಪೊದವನ ಹತ್ತಿರ ಬಾಡಿಗೆ ಚೌಕಾಶಿ ಮಾಡಿದವನು, ಮಂಗಳ ಹಾಡುವವರೆಗೂ ಸೈಡ್ ವಿಂಗಿನಲ್ಲಿ ಪುಸ್ತಕ ಹಿಡಿದು ನಿಂತವನು ಮಾತ್ರ ಯಾವ ಫೋಟೊದಲ್ಲೂ ಇಲ್ಲ. ಫೋಟೊ ತೆಗೆಯುವ ಹೊತ್ತಿಗೆ ಅವನು ಬಾಡಿಗೆಗೆ ತಂದ ಲೈಟುಗಳನ್ನು ಎಣಿಸುತ್ತಿದ್ದಿರಬೇಕು.

ಅದಕ್ಕೇ ಈ ಸಲ ಇತಿಹಾಸವನ್ನು ಆ ಕಡೆಯಿಂದ ಹೇಳಬೇಕೆಂದುಕೊಂಡಿದ್ದೇನೆ. ನೆಪ, ಈ ವರ್ಷ ಬಿ.ಎಸ್ಸಿ. ಮುಗಿಸಿ ಹೊರಡುತ್ತಿರುವ ನಮ್ಮ ಸಂಘದ ಕಾರ್ಯದರ್ಶಿ. ಎರಡು ವರ್ಷ ಸಂಘದ ಕಪಾಟಿನ ಬೀಗದಕೈ ಅವಳ ಬ್ಯಾಗಿನಲ್ಲಿತ್ತು. ಲೇಖನದಲ್ಲಿ ಹೆಸರು ಹಾಕುತ್ತೇನೆ ಎಂದದ್ದಕ್ಕೆ, ‘ನಂದು ಹಾಕಿದ್ರೆ ಹದಿನೇಳು ಜನರದ್ದೂ ಹಾಕ್ಬೇಕಾಗ್ತದೆ ಸಾರ್’ ಎಂದಳು. ಹದಿನೇಳು ಹೆಸರಿಗೆ ಸಂಪಾದಕರು ಜಾಗ ಕೊಡಲಿಲ್ಲ. ಹಾಗಾಗಿ ಇಲ್ಲಿ ಅವಳು ಬರೀ ಕಾರ್ಯದರ್ಶಿ.

ಕಾಲೇಜಿಗೂ ಕನ್ನಡದ ಹವ್ಯಾಸಿ ರಂಗಭೂಮಿಗೂ ಇರುವ ನಂಟು ಹಳೆಯದು. ಕಂಪನಿ ನಾಟಕವನ್ನು ಆಡುವುದು ಹುಡುಗರ ಕೈಲಾಗುವ ಕೆಲಸವಾಗಿರಲಿಲ್ಲ. ಅದಕ್ಕೆ ಬಣ್ಣದ ಪರದೆಗಳ ಸಾಲು ಬೇಕು, ಲೆಗ್ ಹಾರ್ಮೋನಿಯಂ ಬೇಕು, ಕಂದ ಪದ್ಯ ಎತ್ತುವ ಗಂಟಲು ಬೇಕು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಂತೂ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದ ಟಿ.ಪಿ. ಕೈಲಾಸಂ ನಾಟಕವನ್ನು ಅರಮನೆಯಿಂದ ಎತ್ತಿ ನಡುಮನೆಗೆ ತಂದು ಕೂರಿಸಿದ ಮೇಲೆ, ನಾಲ್ಕು ಕುರ್ಚಿ ಒಂದು ಮೇಜು ಇದ್ದ ಕಾಲೇಜೆಲ್ಲ ನಾಟಕ ಆಡಬಹುದಾಯಿತು. ಮಾತು ಮನೆಮಾತೇ, ಅದರ ನಡುವೆ ಧಾರಾಳವಾಗಿ ಇಂಗ್ಲಿಷು. ಕಾಲೇಜು ಹುಡುಗರಿಗೆ ಬೇರೇನು ಬೇಕು?

ಅತ್ತ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಆದ್ಯ ರಂಗಾಚಾರ್ಯರು ‘ಶ್ರೀರಂಗ’ರಾಗಿ ನಾಟಕದ ಮೇಲೆ ನಾಟಕ ಬರೆದರು. ಅದೇ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದು ಹೊರಟ ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾಯಿತು. ಪಿ. ಲಂಕೇಶರು ಪತ್ರಿಕೆ ಶುರುಮಾಡುವ ಮೊದಲು ಇಂಗ್ಲಿಷ್ ಮೇಷ್ಟ್ರು. ಬಿ.ವಿ. ಕಾರಂತರು 1972ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಲಂಕೇಶರು ಅನುವಾದಿಸಿದ ‘ಈಡಿಪಸ್’, ಅವರದೇ ‘ಸಂಕ್ರಾಂತಿ’ ಮತ್ತು ಕಂಬಾರರ ‘ಜೋಕುಮಾರಸ್ವಾಮಿ’ಯನ್ನು ಆಡಿಸಿದ ಮೇಲೆ ಅದರ ಬಿಸಿ ತಾಲೂಕು ಕೇಂದ್ರಗಳ ಕಾಲೇಜುಗಳಿಗೂ ತಟ್ಟಿತು. ಒಟ್ಟಿನಲ್ಲಿ ನಮ್ಮ ರಂಗಭೂಮಿಯ ದೊಡ್ಡ ಹೆಸರುಗಳಲ್ಲಿ ಹಲವರು ಒಂದೋ ಹಾಜರಿ ಕೂಗಿದವರು, ಇಲ್ಲ ‘ಪ್ರೆಸೆಂಟ್ ಸಾರ್’ ಅಂದು ಹಿಂದಿನ ಬಾಗಿಲಿನಿಂದ ರಿಹರ್ಸಲ್ಲಿಗೆ ಓಡಿದವರು.

ಓಡಿದವರಲ್ಲಿ ನಾನೂ ಒಬ್ಬ. ಇದೇ ಕಾಲೇಜಿನಲ್ಲಿ ಓದುತ್ತಿದ್ದಾಗ ‘ಟೊಳ್ಳುಗಟ್ಟಿ’ಯಲ್ಲಿ ನನ್ನದು ಸೊಸೆ ಪಾತುವಿನ ಪಾತ್ರ. ಆಗ ಸಂಘವಿತ್ತು, ಕಪಾಟಿರಲಿಲ್ಲ. ಕನ್ನಡ ಮೇಷ್ಟ್ರ ಮನೆಯವರು ಕೊಟ್ಟ ಹಸಿರು ಸೀರೆಯನ್ನು ಅವರೇ ಉಡಿಸಿ, ಹನ್ನೆರಡು ಪಿನ್ನು ಚುಚ್ಚಿ, ‘ಕೈ ಮೇಲೆತ್ತಬೇಡವೋ’ ಎಂದು ಎಚ್ಚರಿಸಿ ಕಳಿಸಿದರು. ನಾನು ಎತ್ತಿದೆ. ಆಮೇಲೆ ಏನಾಯಿತೆಂದು ನನ್ನ ಓರಗೆಯವರು ಈಗಲೂ ಮದುವೆಮನೆಗಳಲ್ಲಿ ಹೇಳಿಕೊಂಡು ನಗುತ್ತಾರೆ. ಮೊದಲ ಸಾಲಿನಲ್ಲಿ ನಮ್ಮ ತರಗತಿಯ ಹುಡುಗಿಯರೆಲ್ಲ ಕೂತಿದ್ದರು. ಪಾತುವಿನ ಪಾತ್ರ ಮಾಡುತ್ತೀಯಾ ಎಂದು ಅವರಲ್ಲಿ ಯಾರನ್ನಾದರೂ ಕೇಳಬಹುದಿತ್ತು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಹೊಳೆಸಿದ್ದು ಹೆಗ್ಗೋಡು. ನಮ್ಮೂರಿಂದ ಬಸ್ಸಿನಲ್ಲಿ ಹೋಗಿಬರುವಷ್ಟೇ ದೂರ. ಅಲ್ಲಿನ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಅಡಿಕೆ ತೋಟದ ನಡುವೆ ಹುಟ್ಟಿದ್ದು. ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. 1985ರಲ್ಲಿ ‘ತಿರುಗಾಟ’ ಹೊರಟಿತು. ನಾನು ಆಗಷ್ಟೇ ಇಲ್ಲಿ ಅಧ್ಯಾಪಕನಾಗಿ ಸೇರಿದ್ದೆ. ತಿರುಗಾಟದ ನಾಟಕ ನೋಡಲು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೋದವನು, ಮಧ್ಯಾಹ್ನವೇ ತಲುಪಿಬಿಟ್ಟದ್ದರಿಂದ, ನಾಟಕಕ್ಕಿಂತ ಮುಂಚಿನ ನಾಟಕವನ್ನೂ ನೋಡಿದೆ. ನಟಿಯರು ಗಂಡಸರ ಸಮಕ್ಕೆ ವಾಹನದಿಂದ ಸೆಟ್ಟಿನ ಸಾಮಾನು ಇಳಿಸಿ, ಹಗ್ಗ ಬಿಗಿದು, ಬೆವರು ಒರೆಸಿಕೊಂಡು ಬಣ್ಣಕ್ಕೆ ಕೂತರು. ನಮ್ಮ ಹುಡುಗಿಯರು ಅದನ್ನು ಕಣ್ಣು ಬಿಟ್ಟುಕೊಂಡು ನೋಡಿದರು. ಮುಂದಿನ ವರ್ಷ ಮೂವರು ಸಂಘಕ್ಕೆ ಹೆಸರು ಕೊಟ್ಟರು. ಮೂರೂ ಮನೆಯವರದ್ದು ಒಂದೇ ಷರತ್ತು: ಕೊನೆಯ ಬಸ್ಸಿಗೆ ಮಗಳು ಮನೆ ಸೇರಬೇಕು.

ಕೊನೆಯ ಬಸ್ಸು ನಮ್ಮಲ್ಲಿ ಐದೂ ಮುಕ್ಕಾಲಿಗೆ. ತರಗತಿ ಬಿಡುವುದು ನಾಲ್ಕೂವರೆಗೆ. ಚಹಾ ಕುಡಿದು, ಬೆಂಚು ಸರಿಸಿ, ಮಾತು ಶುರುವಾಗುವಷ್ಟರಲ್ಲಿ ಯಾರೋ ಗಡಿಯಾರ ನೋಡುತ್ತಿದ್ದರು. ಮೂವತ್ತು ವರ್ಷಕ್ಕೂ ಮಿಕ್ಕಿ ನಮ್ಮ ಸಂಘವನ್ನು ಆಳಿದ್ದು ಅಧ್ಯಕ್ಷರಲ್ಲ, ಸಲಹೆಗಾರನಾದ ನಾನೂ ಅಲ್ಲ, ಆ ಬಸ್ಸು. ಹಳ್ಳಿಯಿಂದ ಬರುವ ಹುಡುಗಿಯರಿಗೆ ದೊಡ್ಡ ಪಾತ್ರ ಕೊಟ್ಟರೆ ರಿಹರ್ಸಲ್ ಸಾಲುವುದಿಲ್ಲ ಎಂದು ಪೇಟೆಯ ಹುಡುಗಿಯರಿಗೇ ಕೊಡುತ್ತ ಬಂದೆವು. ಅದು ಅನ್ಯಾಯವೆಂದು ಗೊತ್ತಿದ್ದೂ ಬಸ್ಸನ್ನು ಬಯ್ದು ಸುಮ್ಮನಾಗುತ್ತಿದ್ದೆವು.

ಈ ಕಾರ್ಯದರ್ಶಿ ಮೊದಲ ವರ್ಷದಲ್ಲಿ ಭರ್ಜಿ ಹಿಡಿದು ನಿಲ್ಲುವ ಕಾವಲುಗಾರಳಾಗಿದ್ದಳು. ಒಂದು ಮಾತೂ ಇರಲಿಲ್ಲ. ಎರಡನೇ ವರ್ಷ ಬೀಗದಕೈ ಕೈಗೆ ಬಂದ ವಾರವೇ ನನ್ನ ಮನೆಗೆ ಬಂದು, ‘ರಿಹರ್ಸಲ್ ಬೆಳಿಗ್ಗೆ ಮಾಡುವ ಸಾರ್’ ಎಂದಳು. ಹಳ್ಳಿಗಳ ಮೊದಲ ಬಸ್ಸು ಏಳೂ ಕಾಲಿಗೇ ಬಂದು ಇವರನ್ನೆಲ್ಲ ಇಳಿಸಿ ಹೋಗುತ್ತದೆ. ತರಗತಿ ಒಂಬತ್ತೂವರೆಗೆ. ಎರಡು ಗಂಟೆ ಇವರು ಗೇಟಿನ ಹತ್ತಿರ ಕಟ್ಟೆಯ ಮೇಲೆ ಕೂತಿರುತ್ತಾರೆ. ಅವಳೂ ಅದೇ ಬಸ್ಸಿನವಳು. ನನಗೆ ನಾಚಿಕೆಯಾಯಿತು. ಅಷ್ಟು ವರ್ಷ ಕೊನೆಯ ಬಸ್ಸನ್ನು ಬಯ್ದವರು ಒಂದು ದಿನವಾದರೂ ಮೊದಲ ಬಸ್ಸನ್ನು ನೋಡಿರಲಿಲ್ಲ. ಈಗ ಎದ್ದು ಬರಲು ಗೊಣಗುವವರು ಪೇಟೆಯವರು.

ಆ ವರ್ಷದ ನಾಟಕ ಲಂಕೇಶರ ‘ಗುಣಮುಖ’. ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. 1954ರಲ್ಲಿ ದೆಹಲಿಯ ತಾಲ್ಕಟೋರಾ ಉದ್ಯಾನದಲ್ಲಿ ಶುರುವಾದ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವದ ಪರಂಪರೆಯಿಂದ ದೇಶದ ಎಷ್ಟೋ ಮಕ್ಕಳು ರಂಗ ಹತ್ತಿದರು, ನಿಜ. ಆದರೆ ಅಲ್ಲಿನ ಏಕಾಂಕಕ್ಕೆ 30 ನಿಮಿಷದ ಮಿತಿ. ಬಹುಮಾನದ ಆಸೆಗೆ ಬಿದ್ದ ಕಾಲೇಜುಗಳು ವರ್ಷವಿಡೀ ಅದೊಂದನ್ನೇ ಉಜ್ಜುತ್ತ, ಪೂರ್ಣ ನಾಟಕ ಆಡುವುದನ್ನೇ ಬಿಟ್ಟವು. ಅರ್ಧ ಗಂಟೆಯಲ್ಲಿ ತೀರ್ಪುಗಾರರನ್ನು ಬೆಚ್ಚಿಬೀಳಿಸಬೇಕಲ್ಲ, ಕಿರುಚಾಟ, ಗುಂಪು ಕುಣಿತ, ಹೊಗೆ. ನಮ್ಮಲ್ಲೂ ಕಪ್ಪುಗಳು ಸಾಲಾಗಿ ಬಂದಿವೆ. ಅವುಗಳಲ್ಲಿ ಎರಡೋ ಮೂರೋ ನಾಟಕದ ಹೆಸರು ಬಿಟ್ಟರೆ ಉಳಿದದ್ದು ನನಗೆ ನೆನಪಿಲ್ಲ. ಸ್ಪರ್ಧೆಗೆ ಒಂದು ವರ್ಷ ರಜೆ ಕೊಟ್ಟು ಇಡೀ ನಾಟಕ ಆಡೋಣ ಎಂದವಳೂ ಇವಳೇ. ಸಭೆಯಲ್ಲಿ ಗಲಾಟೆಯಾಯಿತು. ಅವಳು ದನಿ ಏರಿಸಲಿಲ್ಲ. ಏಕಾಂಕದಲ್ಲಿ ಎಷ್ಟು ಜನ ರಂಗದ ಮೇಲೆ ಬರುತ್ತಾರೆ, ಎಷ್ಟು ಜನ ಊರಲ್ಲೇ ಉಳಿಯುತ್ತಾರೆ ಎಂದು ಬೋರ್ಡಿನ ಮೇಲೆ ಬರೆದಳು. ಉಳಿಯುವವರ ಓಟು ಹೆಚ್ಚಿತ್ತು.

‘ಗುಣಮುಖ’ದಲ್ಲಿ ದೆಹಲಿಯನ್ನು ಗೆದ್ದ ನಾದಿರ್ ಶಾ ಕಾಯಿಲೆ ಬಿದ್ದಿದ್ದಾನೆ. ಸುತ್ತ ಇರುವವರಿಗೆ ನಿಜ ಹೇಳುವ ಧೈರ್ಯವಿಲ್ಲ. ಹೇಳುವವನು ಹಕೀಮ ಅಲಾವಿಖಾನ್ ಒಬ್ಬನೇ. ನಿರ್ದೇಶನ ನನ್ನದು. ನಾದಿರನ ಪಾತ್ರದ ಹುಡುಗನಿಗೆ ನಾನು ಹಳೆಯ ಅಭ್ಯಾಸದಂತೆ ಅಬ್ಬರಿಸಲು ಹೇಳಿಕೊಟ್ಟಿದ್ದೆ. ನಾಲ್ಕನೇ ದಿನ ಕಾರ್ಯದರ್ಶಿ ನನ್ನನ್ನು ಹೊರಗೆ ಕರೆದು, ‘ಸಾರ್, ಇವನು ಇಷ್ಟು ಕೂಗಿದ್ರೆ ರೋಗ ಇದೆ ಅಂತ ಯಾರಿಗೂ ಅನ್ಸೋದಿಲ್ಲ, ಗಂಟಲು ಚೆನ್ನಾಗಿದೆ ಅನ್ನಿಸ್ತದೆ’ ಎಂದಳು. ಹುಡುಗರ ಎದುರಿಗೆ ಹೇಳದೆ ಹೊರಗೆ ಕರೆದದ್ದನ್ನು ಗಮನಿಸಿ. ಎರಡು ದಿನ ನನಗೆ ಸಿಟ್ಟಿತ್ತು. ಮೂರನೇ ದಿನ ನಾದಿರನ ದನಿ ತಗ್ಗಿಸಿದೆ.

ರಿಹರ್ಸಲ್ ನಡೆಯುತ್ತಿದ್ದದ್ದು ಸೈಕಲ್ ಸ್ಟ್ಯಾಂಡಿನ ಪಕ್ಕದ ಶೆಡ್ಡಿನಲ್ಲಿ, ಮೇಲೆ ತಗಡು. ಆಗಸ್ಟಿನ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವನ ಮಾತೂ ಕೇಳದು. ಮಳೆ ಬಂದರೆ ರಜೆ ಎಂಬುದು ಸಂಘದ ಹಳೇ ಸಂಪ್ರದಾಯ. ಅವಳು ರಜೆ ಕೊಡಲಿಲ್ಲ. ಜೋರು ಮಳೆಯಲ್ಲಿ ಮಾತಿಲ್ಲದೆ ಬರೀ ನಡೆ ಅಭ್ಯಾಸ, ಯಾರು ಎಲ್ಲಿಂದ ಬಂದು ಎಲ್ಲಿ ನಿಲ್ಲಬೇಕು ಎಂಬುದಷ್ಟೆ. ಸೋನೆ ಹಿಡಿದಾಗ ಕೂಗದೆ ಹಿಂದಿನ ಗೋಡೆಗೆ ಮಾತು ಮುಟ್ಟಿಸುವ ಅಭ್ಯಾಸ. ಗೋಡೆಗೆ ಒರಗಿ ಅವಳೇ ನಿಂತಿರುತ್ತಿದ್ದಳು. ಕೇಳಿಸಿದರೆ ತಲೆಯಾಡಿಸುವಳು, ಕೇಳಿಸದಿದ್ದರೆ ಸುಮ್ಮನಿರುವಳು.

ತಪ್ಪೂ ಮಾಡಿದಳು. ಡಿಸೆಂಬರಿನಲ್ಲಿ ಒಬ್ಬ ಹುಡುಗ ವಾರದಲ್ಲಿ ನಾಲ್ಕು ದಿನ ತಪ್ಪಿಸಿಕೊಂಡನೆಂದು ಅವನ ಪಾತ್ರ ಕಿತ್ತು ಬೇರೆಯವನಿಗೆ ಕೊಟ್ಟಳು. ನನ್ನನ್ನು ಕೇಳಲಿಲ್ಲ. ಅವನು ಒಂದು ಮಾತೂ ಆಡದೆ ಹೋದ. ವಾರ ಕಳೆದ ಮೇಲೆ ತಿಳಿಯಿತು, ಅವನ ಮನೆಯವರು ಕೊನೆಕೊಯ್ಲಿನ ಕೂಲಿಗೆ ಹೋಗುವವರು. ಅವನೂ ಬೆಳಗಿನ ಜಾವವೇ ತೋಟದಲ್ಲಿರುತ್ತಿದ್ದ. ಅವಳು ಅವನ ಊರಿಗೆ ಹೋಗಿ ಕರೆದುಕೊಂಡು ಬಂದಳು. ಪಾತ್ರ ವಾಪಸು ಕೊಡುವಂತಿರಲಿಲ್ಲ, ಇನ್ನೊಬ್ಬ ಕಲಿತಾಗಿತ್ತು. ಬೆಳಕಿನ ಜವಾಬ್ದಾರಿ ಅವನಿಗೆ ಬಂತು. ಸಂಘದ ವಹಿಯಲ್ಲಿ ಆ ದಿನದ ಪುಟದಲ್ಲಿ ಹೀಗಿದೆ: ‘ನನ್ನ ತಪ್ಪು. ಕೊಯ್ಲಿನ ತಿಂಗಳಲ್ಲಿ ಹಾಜರಿ ನೋಡಿ ಪಾತ್ರ ತೆಗೆಯಬಾರದು. ಮುಂದಿನವರಿಗೆ.’

ಆ ವಹಿ ಈಗ ನನ್ನ ಮೇಜಿನ ಮೇಲಿದೆ. ಇನ್ನೂರು ಪುಟದ ಉದ್ದ ನೋಟ್‌ಬುಕ್, ರಟ್ಟಿನ ಮೂಲೆಗೆ ಪ್ಲಾಸ್ಟರ್ ಅಂಟಿಸಿದೆ. ಒಂದು ಪುಟದಲ್ಲಿ ‘ಹಕೀಮನ ಎಡಗಾಲಿನ ಚಪ್ಪಲಿ ಕಿತ್ತಿದೆ, ಹೊಲಿಸಬೇಕು’, ಇನ್ನೊಂದರಲ್ಲಿ ‘ಗಡ್ಡದ ಅಂಟು ಖಾಲಿ’, ‘ಸೊಳ್ಳೆ ಬತ್ತಿ 6, ಗ್ರೀನ್ ರೂಮಿಗೆ 2’. ಲೆಕ್ಕದ ಕಾಲಮ್ಮಿನಲ್ಲಿ ಮಂಡಕ್ಕಿ, ಚಹಾ, ಜೆರಾಕ್ಸು. ಹಿಂದಿನ ಕಾರ್ಯದರ್ಶಿಗಳು ಯಾರೂ ಇಂಥದ್ದು ಬಿಟ್ಟುಹೋಗಿಲ್ಲ. ಇದ್ದಿದ್ದರೆ ಈ ಲೇಖನದ ಮೊದಲರ್ಧವನ್ನು ನಾನು ನೆನಪಿನಿಂದ ಹೆಕ್ಕಬೇಕಿರಲಿಲ್ಲ.

ಫೆಬ್ರವರಿಯಲ್ಲಿ ಪ್ರದರ್ಶನ. ಸೆಟ್ಟಿಗೆ ಬೇಕಾದ ಮರದ ಲೆವೆಲ್ಲುಗಳನ್ನು ಕೊಡುತ್ತೇವೆಂದವರು ಮಧ್ಯಾಹ್ನ ಕೈ ಎತ್ತಿದರು. ಅವಳು ಹತ್ತು ನಿಮಿಷ ಖಾಲಿ ರಂಗವನ್ನು ನೋಡುತ್ತ ಕೂತಳು. ಆಮೇಲೆ ತರಗತಿಯ ಬೆಂಚುಗಳು ಬಂದವು. ಜೋಡಿಸಿ, ತೆಂಗಿನ ಹಗ್ಗ ಬಿಗಿದು, ಮೇಲೆ ಜಮಖಾನ. ಬಾದಶಹನ ಪೀಠದ ಒಂದು ಬದಿಯಲ್ಲಿ ಯಾರೋ ಕೈವಾರದಿಂದ ಕೊರೆದಿದ್ದ ಹೆಸರು ಕಾಣುತ್ತಿತ್ತು. ಯಾರೂ ಗಮನಿಸಲಿಲ್ಲ, ನಾನೊಬ್ಬ ಗಮನಿಸಿದೆ.

ಕೊನೆಗಿಂತ ಸ್ವಲ್ಪ ಮುಂಚೆ ನಾದಿರ್ ಒಮ್ಮೆ ಮಾತು ನಿಲ್ಲಿಸಿಬಿಟ್ಟ. ಒಂದು, ಎರಡು, ಐದು ಸೆಕೆಂಡು. ನನಗೆ ಎದೆ ಬಡಿದುಕೊಂಡಿತು. ವಿಂಗಿನಲ್ಲಿ ಅವಳ ಕೈಯಲ್ಲಿ ಪುಸ್ತಕವಿತ್ತು, ಬೆರಳು ಸಾಲಿನ ಮೇಲಿತ್ತು, ಬಾಯಿ ಮುಚ್ಚಿತ್ತು. ಅವನೇ ಮುಂದುವರಿಸಿದ. ಆಮೇಲೆ, ಯಾಕಮ್ಮ ಎತ್ತಿಕೊಡಲಿಲ್ಲ ಎಂದು ಕೇಳಿದೆ.

‘ಮರ್ತಿರ್ಲಿಲ್ಲ ಸಾರ್ ಅವ್ನು. ಯೋಚ್ನೆ ಮಾಡ್ತಿದ್ದ.’

ಆ ರಾತ್ರಿ ಗುಂಪಿನ ಫೋಟೊ ತೆಗೆಯುವಾಗ ಅವಳನ್ನು ಹುಡುಕಿಸಿ, ಕೈಹಿಡಿದು ಕರೆತಂದು ನಡುವೆ ನಿಲ್ಲಿಸಿದೆವು. ಈ ಸಂಚಿಕೆಯಲ್ಲಿ ಅಚ್ಚಾಗಿರುವುದು ಅದೇ ಫೋಟೊ. ಕೈಯಲ್ಲಿ ಹಗ್ಗದ ಸುರುಳಿ ಹಿಡಿದವಳು ಕಾರ್ಯದರ್ಶಿ.

ಹೊರಡುವ ಮುನ್ನ ಅವಳು ಕಪಾಟಿನ ಸಾಮಾನನ್ನೆಲ್ಲ ಪಟ್ಟಿ ಮಾಡಿದ್ದಾಳೆ. ಇರಬೇಕಾದ್ದು, ಆದರೆ ಇಲ್ಲದ್ದು: ತಗಡಿನ ಕತ್ತಿ ಎರಡು, ಕಿರೀಟ ಒಂದು, ಕೈಲಾಸಂ ನಾಟಕಗಳ ಸಂಪುಟ, ‘ತುಘಲಕ್’ ನಾಲ್ಕು ಪ್ರತಿ, ಒಂದು ಕಂಚಿನ ಗಂಟೆ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಬೇಕಾಗಿ ಕೋರಿಕೆ. ಸಿಕ್ಕರೆ ತಂದುಕೊಡಿ, ಯಾರು ಒಯ್ದಿದ್ದು ಎಂದು ಕೇಳುವುದಿಲ್ಲ. ಬೀಗದಕೈ ಈಗ ಎರಡನೇ ವರ್ಷದ ಬಿ.ಎ. ಓದುತ್ತಿರುವ, ಆ ಬೆಳಕಿನ ಹುಡುಗನ ಹತ್ತಿರ ಇದೆ. ಬೆಳಿಗ್ಗೆ ಏಳೂವರೆಗೆ ಶೆಡ್ಡಿನಲ್ಲಿ ಸಿಗುತ್ತಾನೆ.