ಗುಲಾಬಿ ಡಂಬೆಲ್‌ಗಿಂತ ಹಿಂದಿನ ಕತೆ

ನಮ್ಮೂರಿನ ಬಹಳಷ್ಟು ಜಿಮ್‌ಗಳ ಒಂದು ಮೂಲೆಯಲ್ಲಿ ಗುಲಾಬಿ ಬಣ್ಣದ ಪುಟ್ಟ ಡಂಬೆಲ್‌ಗಳು ಸಾಲಾಗಿ ಕೂತಿರುತ್ತವೆ. ಒಂದು ಕಿಲೋ, ಎರಡು ಕಿಲೋ. ಹೆಂಗಸರು ಒಳಗೆ ಕಾಲಿಟ್ಟ ಕೂಡಲೇ ಟ್ರೈನರ್ ಬೆರಳು ಆ ಮೂಲೆಯ ಕಡೆಗೇ ಹೋಗುತ್ತೆ. "ಜಾಸ್ತಿ ತೂಕ ಬೇಡ ಮೇಡಂ, ಗಂಡಸರ ಥರ ಆಗಿಬಿಡ್ತೀರಿ" ಅನ್ನೋ ಉಪದೇಶ ಜೊತೆಗೆ ಉಚಿತ. ಅದೇ ಮೇಡಂ ಮನೆಯಲ್ಲಿ ಸುಮಾರು 30 ಕಿಲೋ ತೂಗುವ ತುಂಬಿದ ಗ್ಯಾಸ್ ಸಿಲಿಂಡರನ್ನು ಒಬ್ಬರೇ ಉರುಳಿಸಿಕೊಂಡು ಹೋಗಿ ಜೋಡಿಸಿರುತ್ತಾರೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಲಿ ತರಕಾರಿ ಚೀಲ ಹಿಡಿದು ಮೂರು ಮಹಡಿ ಹತ್ತಿರುತ್ತಾರೆ. ಅದಕ್ಕೆ ಯಾರೂ ಬೇಡ ಅನ್ನಲ್ಲ.

ಹೆಂಗಸರು ಭಾರ ಎತ್ತಬಾರದು ಅನ್ನೋದು ಎಂದಿನಿಂದಲೂ ಇದ್ದ ಮಾತು ಅನ್ನಿಸಬಹುದು. ಆದರೆ ಎತ್ತಬಾರದು ಅಂದವರ ಕಣ್ಣೆದುರೇ ಎತ್ತಿ ತೋರಿಸಿದವರೂ ಇದ್ದರು. 20ನೇ ಶತಮಾನದ ಶುರುವಿನಲ್ಲಿ ವಿಯೆನ್ನಾ ಮೂಲದ ಕೇಟಿ ಸ್ಯಾಂಡ್ವಿನಾ ಸರ್ಕಸ್ಸಿನಲ್ಲಿ ತಮ್ಮ ಗಂಡನನ್ನೇ ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯುತ್ತಿದ್ದರು. ಜನ ಟಿಕೆಟ್ ಕೊಂಡು ನೋಡಿ ಚಪ್ಪಾಳೆ ತಟ್ಟಿದರು. ಆದರೆ ಸರ್ಕಸ್ಸಿನಲ್ಲಿ ಕಂಡದ್ದನ್ನು ಯಾರು ಮನೆಗೆ ಹೋಗಿ ಮಾಡಿ ನೋಡ್ತಾರೆ? ಅದು ಬೆರಗಾಗಿಯೇ ಉಳಿಯಿತು.

ಮಾಡಿ ನೋಡಬಹುದು ಅನ್ನೋ ಧೈರ್ಯ ಕೊಟ್ಟವರು ಕ್ಯಾಲಿಫೋರ್ನಿಯಾದ ಒಬ್ಬ ಟೆಲಿಫೋನ್ ಆಪರೇಟರ್. ಹೆಸರು ಆಬಿ ಸ್ಟಾಕ್ಟನ್. ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ "ಪಡ್ಜಿ" ಅನ್ನೋ ಅಡ್ಡಹೆಸರೇ ಕೊನೆಯವರೆಗೂ ಉಳಿಯಿತು. ನಮ್ಮಲ್ಲಿ "ಗುಂಡಮ್ಮ" ಅಂತೀವಲ್ಲ, ಹಾಗೆ. ದಿನವಿಡೀ ಕೂತು ಮಾಡುವ ಕೆಲಸ, ಮೈತೂಕ ಏರತೊಡಗಿತು. ನಮ್ಮ ಐಟಿ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮುಂದೆ ಅವರನ್ನು ಮದುವೆಯಾದ ಗೆಳೆಯ ಲೆಸ್ ಒಂದು ಜೊತೆ ಡಂಬೆಲ್ ತಂದುಕೊಟ್ಟರು. ಅಲ್ಲಿಂದ ಶುರುವಾದದ್ದು ಸಾಂಟಾ ಮೋನಿಕಾದ ಮಸಲ್ ಬೀಚ್‌ವರೆಗೆ ಹೋಯಿತು. 1944ರಿಂದ 1954ರವರೆಗೆ "ಸ್ಟ್ರೆಂತ್ ಆ್ಯಂಡ್ ಹೆಲ್ತ್" ಪತ್ರಿಕೆಯಲ್ಲಿ ಹೆಂಗಸರ ತೂಕದ ವ್ಯಾಯಾಮದ ಬಗ್ಗೆಯೇ ಅವರು ಅಂಕಣ ಬರೆದರು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೆಂಗಸರಿಗಾಗಿ ನಡೆದ ಅಧಿಕೃತ ಭಾರ ಎತ್ತುವ ಸ್ಪರ್ಧೆಯಲ್ಲಿ 135 ಪೌಂಡ್, ಅಂದರೆ ಸುಮಾರು 61 ಕಿಲೋ, ತಲೆಯ ಮೇಲಕ್ಕೆ ಎತ್ತಿದರು. ಅವರ ಮೈತೂಕ ಅದಕ್ಕಿಂತ ಕಡಿಮೆ ಇತ್ತು. ಫೋಟೋಗಳಲ್ಲಿ ನೋಡಿ: ಗಂಡಸರ ಥರ ಏನೂ ಕಾಣಲ್ಲ, ಗಟ್ಟಿಮುಟ್ಟಾದ ಹೆಂಗಸಿನ ಥರ ಕಾಣ್ತಾರೆ.

ಆದರೂ ಕ್ರೀಡಾಲೋಕ ಬಾಗಿಲು ತೆರೆಯಲು ತುಂಬಾ ಸಮಯ ತಗೊಂಡಿತು. ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲೇ ಇತ್ತು. ಹೆಂಗಸರಿಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು 1987ರಲ್ಲಿ. ಒಲಿಂಪಿಕ್ಸ್‌ಗೆ ಪ್ರವೇಶ ಸಿಕ್ಕಿದ್ದು 2000ದಲ್ಲಿ, ಸಿಡ್ನಿಯಲ್ಲಿ. ಅಂದರೆ 104 ವರ್ಷ ಕಾಯಬೇಕಾಯಿತು. ಆ ಮೊದಲ ಅವಕಾಶದಲ್ಲೇ ಆಂಧ್ರದ ಶ್ರೀಕಾಕುಳಂ ಕಡೆಯ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ಸ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ಓಟ, ಟೆನಿಸ್, ಬ್ಯಾಡ್ಮಿಂಟನ್ ಯಾವುದೂ ಅಲ್ಲ, ಹೆಂಗಸರಿಗೆ ಬೇಡ ಅಂದಿದ್ದ ಕಬ್ಬಿಣದ ಸಲಾಕೆಯೇ ಆ ಪದಕ ತಂದುಕೊಟ್ಟಿತು.

ಪದಕದ ಕತೆ ಇರಲಿ. ಬೆಳಿಗ್ಗೆ ಡಬ್ಬಿ ಕಟ್ಟಿ, ಒಂಬತ್ತಕ್ಕೆ ಕ್ಯಾಬ್ ಹಿಡಿಯುವವರಿಗೆ ಬೇಕಾದ ಕತೆ ನಡೆದದ್ದು ಆಸ್ಪತ್ರೆಯಲ್ಲಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನಾ ಆಸ್ಪತ್ರೆಗಳು ಕಾಲಿಗೆ ಪೆಟ್ಟಾದ ಸೈನಿಕರಿಂದ ತುಂಬಿದ್ದವು. ಸೊರಗಿದ ಕಾಲಿಗೆ ಹಗುರ ತೂಕ ಕೊಟ್ಟು ನೂರಾರು ಸಲ ಮಾಡಿಸುವುದು ಆಗಿನ ರೂಢಿ. ಥಾಮಸ್ ಡಿಲೋರ್ಮ್ ಅನ್ನೋ ಯುವ ವೈದ್ಯ, ಹುಡುಗನಾಗಿದ್ದಾಗ ಕಾಯಿಲೆ ಬಿದ್ದು ತೂಕ ಎತ್ತಿಯೇ ಚೇತರಿಸಿಕೊಂಡವರು, ಇದನ್ನು ತಿರುಗಿಸಿ ಹಾಕಿದರು. ಹತ್ತು ಸಲ ಎತ್ತುವಷ್ಟರಲ್ಲಿ ಸಾಕಪ್ಪಾ ಅನ್ನಿಸುವ ತೂಕ ಕೊಡಿ, ಬಲ ಬಂದ ಹಾಗೆ ತೂಕ ಏರಿಸಿ ಅಂದರು. 1945ರಲ್ಲಿ ಇದನ್ನು ಪ್ರಕಟಿಸಿದಾಗ ಹತ್ತರ ಏಳರಿಂದ ಹತ್ತು ಸುತ್ತು ಮಾಡಿಸುತ್ತಿದ್ದರು. 1948ರ ಹೊತ್ತಿಗೆ ಅದನ್ನು ಮೂರಕ್ಕೆ ಇಳಿಸಿದರು: ಮೊದಲ ಸುತ್ತು ಅರ್ಧ ತೂಕ, ಎರಡನೆಯದು ಮುಕ್ಕಾಲು, ಮೂರನೆಯದು ಪೂರ್ತಿ. ಇವತ್ತು ಟ್ರೈನರ್‌ಗಳು "ಮೂರು ಸೆಟ್, ಹತ್ತು ಹತ್ತು" ಅಂತಾರಲ್ಲ, ಅದರ ಬೇರು ಇಲ್ಲಿದೆ. ಕಂಡುಹಿಡಿದವರೇ ಅದನ್ನು ಚಿಕ್ಕದು ಮಾಡಿದರು ಅನ್ನೋದನ್ನು ಗಮನಿಸಿ. ಬಲ ಬರೋದಕ್ಕೆ ಗಂಟೆಗಟ್ಟಲೆ ಹೊತ್ತು ಬೇಡ, ತಕ್ಕಷ್ಟು ಭಾರ ಬೇಕು.

ಇದು ಗಟ್ಟಿ ಆಳುಗಳಿಗೆ ಸರಿ, ವಯಸ್ಸಾದವರಿಗೆ ಹೇಗೆ? 1990ರಲ್ಲಿ ಬಾಸ್ಟನ್‌ನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರವೊಂದರಲ್ಲಿದ್ದ ಹತ್ತು ಜನರಿಗೆ ತೂಕದ ತರಬೇತಿ ಕೊಟ್ಟ ಅಧ್ಯಯನವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90. ಕೊಟ್ಟದ್ದು ಗುಲಾಬಿ ಡಂಬೆಲ್ ಅಲ್ಲ. ಪ್ರತಿಯೊಬ್ಬರೂ ಎತ್ತಬಲ್ಲ ಗರಿಷ್ಠ ತೂಕದ ಶೇ. 80ರವರೆಗೆ ಏರಿಸಿದರು. ಎಂಟು ವಾರದಲ್ಲಿ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಾಯಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. "ಈ ವಯಸ್ಸಲ್ಲಿ ಇನ್ನೇನು" ಅನ್ನೋ ಮಾತು ಅಲ್ಲಿಗೆ ಬಿದ್ದುಹೋಗಬೇಕಿತ್ತು.

ಹೆಂಗಸರ ಮಟ್ಟಿಗೆ ಇನ್ನೊಂದು ಲೆಕ್ಕವಿದೆ: ಮೂಳೆ. ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತೆ ಅಂತ ಜರ್ಮನ್ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಹೇಳಿದ್ದರು. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜೆನ್ ಇಳಿದು ಮೂಳೆ ಬೇಗ ಸವೆಯುತ್ತೆ. ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ ಎಷ್ಟು ಮನೆಗಳಲ್ಲಿಲ್ಲ? ಇಂಥವರಿಗೆ ಭಾರ ಎತ್ತಿಸಬಾರದು ಅನ್ನೋದು ಬಹುಕಾಲದ ಎಚ್ಚರಿಕೆ. ಆಸ್ಟ್ರೇಲಿಯಾದ ಸಂಶೋಧಕರು ಅದನ್ನೇ ಪರೀಕ್ಷೆಗೆ ಒಡ್ಡಿದರು. ಮೂಳೆ ತೆಳುವಾಗಿದ್ದ, ಮುಟ್ಟು ನಿಂತ 101 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಜ್ಞರ ಕಣ್ಣೆದುರು ವಾರಕ್ಕೆ ಎರಡು ಸಲ, ತಲಾ ಅರ್ಧ ಗಂಟೆ, ನಿಜವಾಗಿ ಭಾರವಾದ ತೂಕ ಎತ್ತಿಸಿದರು. ಎಂಟು ತಿಂಗಳ ನಂತರ ಅವರ ಬೆನ್ನುಮೂಳೆಯ ಸಾಂದ್ರತೆ ಶೇ. 2.9ರಷ್ಟು ಏರಿತ್ತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನವರದು ಶೇ. 1.2ರಷ್ಟು ಇಳಿದಿತ್ತು.

ಇಲ್ಲಿಗೆ ಬಂದಾಗ ಒಂದು ಮಾತು ಕೇಳೇ ಬರುತ್ತೆ: "ನಮ್ಮಜ್ಜಿ ಯಾವ ಜಿಮ್‌ಗೂ ಹೋಗಿರಲಿಲ್ಲ, ಬೀಸ್ತಾ ಇದ್ದರು, ಕುಟ್ಟುತಾ ಇದ್ದರು, ಬಾವಿಯಿಂದ ನೀರು ಸೇದ್ತಾ ಇದ್ದರು." ನಿಜ. ಒನಕೆ ಹಿಡಿದ ಕೈಗೆ ಎಷ್ಟು ಬಲ ಇರುತ್ತೆ ಅಂತ ಚಿತ್ರದುರ್ಗದ ಕೋಟೆಯ ಕಿಂಡಿಯನ್ನು ಕೇಳಿದರೆ ಹೇಳುತ್ತೆ. ಮಣಿಪುರದ ಮೀರಾಬಾಯಿ ಚಾನು ಕೂಡ ಚಿಕ್ಕವಳಿದ್ದಾಗ ಹೊತ್ತದ್ದು ಸೌದೆ ಹೊರೆ. ಆದರೆ ಅಜ್ಜಿಯ ದುಡಿಮೆಯನ್ನು ವ್ಯಾಯಾಮ ಅಂತ ಕರೆದು ಕೈತೊಳೆದುಕೊಳ್ಳೋದು ಬೇಡ. ಅದರಲ್ಲಿ ಬಿಡುವಿರಲಿಲ್ಲ, ಅಳತೆ ಇರಲಿಲ್ಲ, ಎಲ್ಲರೂ ಉಂಡ ಮೇಲೆ ಉಳಿದದ್ದೇ ಊಟ. ಒಂದೇ ಕಡೆ ಬಾಗಿ ಬಾಗಿ ಗೂನಾದ ಬೆನ್ನುಗಳೂ ಆ ಕಾಲದವೇ. ಈಗ ಮಿಕ್ಸಿ, ನಲ್ಲಿ, ವಾಷಿಂಗ್ ಮೆಷಿನ್ ಬಂದಿವೆ, ಒಳ್ಳೆಯದೇ ಆಯಿತು. ಹೋದ ಕಷ್ಟ ವಾಪಸ್ ಬೇಕಿಲ್ಲ. ಅದರ ಜೊತೆ ಹೋದ ಬಲವನ್ನು ಮಾತ್ರ, ಈ ಸಲ ಲೆಕ್ಕ ಇಟ್ಟು, ವಿಶ್ರಾಂತಿ ಕೊಟ್ಟು, ಹೊಟ್ಟೆತುಂಬ ಉಂಡು ಸಂಪಾದಿಸಬೇಕು.

ಎಷ್ಟು ಸಾಕು? ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆಲ್ಲ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹೇಳುತ್ತೆ. ಕುರ್ಚಿಯಿಂದ ಕೂತೇಳೋದು, ಗೋಡೆಗೆ ಕೈಕೊಟ್ಟು ತಳ್ಳೋದು, ಚೀಲವನ್ನು ನೆಲದಿಂದ ಎತ್ತೋದು, ಸೊಂಟದತ್ತ ಎಳೆಯೋದು, ಎರಡು ಕೈಲಿ ಹಿಡಿದು ನಡೆಯೋದು. ಚೀಲದಲ್ಲಿ ಅಕ್ಕಿ ಇದ್ದರೂ ಆಯಿತು. ಹತ್ತು ಸಲ ಸಲೀಸಾಗಿ ಆಗ್ತಿದೆ ಅಂದರೆ ಒಂದು ಕಿಲೋ ಜಾಸ್ತಿ ಹಾಕಿ. ಬಸುರಿ ಬಾಣಂತಿಯರು, ಬಿಪಿ, ಮೂಳೆ ಸವೆತ ಇರುವವರು ಮೊದಲು ವೈದ್ಯರನ್ನು ಕೇಳಿ, ಬಲ್ಲವರ ಎದುರು ಕಲಿಯಿರಿ. ಒಂದು ವಾರ ಆಫೀಸಿನ ಗಡಿಬಿಡಿಯಲ್ಲಿ ತಪ್ಪಿಹೋದರೆ ಮುಂದಿನ ವಾರ ಸ್ವಲ್ಪ ಕಡಿಮೆ ತೂಕದಿಂದ ಶುರುಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೀತೀವಲ್ಲ, ಅದರ ಪಕ್ಕದಲ್ಲೇ ಇವತ್ತು ಎಷ್ಟು ಕಿಲೋ, ಎಷ್ಟು ಸಲ ಅಂತಲೂ ಬರೆದಿಡಿ. ಅಮ್ಮನಿಗೂ ಒಂದು ಸಾಲು ಬಿಡಿ.