ದೊಮ್ಮಲೂರಿನ ಶಾಸನಗಳೂ ಟ್ರಿನಿಟಿ ಚರ್ಚಿನ ಸ್ಮಾರಕಗಳೂ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಆ ಊರು ‘ತೊಂಬಲೂರು’ ಎಂದೂ ‘ದೇಶಿಮಾಣಿಕ್ಕಪಟ್ಟಣ’ವೆಂದೂ ಉಕ್ತವಾಗಿರುವುದು. ಕ್ರಿ. ಶ. 1270ರ ಶಾಸನವೊಂದು, ಅಳಗಿಯಾರ್ ಎಂಬಾತನು ದ್ವಾರಸ್ತಂಭಗಳೆರಡನ್ನು ಸಮರ್ಪಿಸಿದನೆಂದು ತಿಳಿಸುವುದು. ಇಷ್ಟು ಸ್ವಲ್ಪವಾದ ದಾನವನ್ನೂ ಚರಿತ್ರೆಗೆ ಸಾಧನವೆಂದು ಗಣಿಸುವ ನಾವು, ಅಲ್ಲಿಗೆ ಸಮೀಪದಲ್ಲಿಯೇ ಇರುವ ಹೋಲಿ ಟ್ರಿನಿಟಿ ಚರ್ಚಿನ ಸ್ಮಾರಕಗಳನ್ನು ಅನ್ಯವೆಂದು ಬಿಡುವುದು ಯುಕ್ತವೆ? ತಮಿಳು ನಮಗೆ ಪ್ರಮಾಣವಾದರೆ ಇಂಗ್ಲಿಷೇಕೆ ಆಗಬಾರದು?

1809ರಲ್ಲಿ ಬೆಂಗಳೂರು ದಂಡು ಸ್ಥಾಪಿತವಾಯಿತು. ಬಿಷಪ್ಪರ ಆಧಿಪತ್ಯವನ್ನೊಪ್ಪಿದ ಆಂಗ್ಲ ಸಭೆಯವರಿಗೆ ಸೌತ್ ಪೆರೇಡಿನ, ಅಂದರೆ ಇಂದಿನ ಮಹಾತ್ಮಾ ಗಾಂಧಿ ರಸ್ತೆಯ, ಪಶ್ಚಿಮದಲ್ಲಿ ಸೈಂಟ್ ಮಾರ್ಕ್ಸ್ ಚರ್ಚು ಮೊದಲೇ ಇದ್ದಿತು. ಪೂರ್ವಾಂತದಲ್ಲಿ, ಹಲಸೂರಿನ ಕಡೆಗೆ, ಸೈನಿಕರಿಗಾಗಿ 1848ರಲ್ಲಿ ಆರಂಭವಾಗಿ 1851ರಲ್ಲಿ ಮುಗಿದುದೇ ಟ್ರಿನಿಟಿ ಚರ್ಚು. ಇದರ ರಚನೆಯನ್ನು ಯೋಜಿಸಿದಾತನು ಮದರಾಸು ಸ್ಯಾಪರ್ಸ್ ದಳದ ಮೇಜರ್ ಪಿಯರ್ಸ್.

ಒಳಗಿರುವ ಸ್ಮಾರಕಗಳಲ್ಲಿ ಜನರಲ್ ಕ್ಲೆಮೆಂಟ್ ಹಿಲ್ಲನ ಪ್ರತಿಮೆಯು ವಿಚಾರಾರ್ಹವಾದುದು. ಈತನು ಗೇರುಸೊಪ್ಪೆಯ ಪ್ರಾಂತದಲ್ಲಿ ಮೃತನಾದುದು 1845ರಲ್ಲಿ. ಚರ್ಚಿನ ಕೆಲಸ ಆರಂಭವಾದುದು ಅದಾದ ಮೂರು ವರ್ಷಕ್ಕೆ. ಆದುದರಿಂದ ಸ್ಮಾರಕದ ಮೃತಿಕಾಲವನ್ನು ಹಿಡಿದು ಕಟ್ಟಡದ ಕಾಲವನ್ನು ನಿರ್ಣಯಿಸಲಾಗದು. ದೇವಾಲಯದ ಅಂಗಳದಲ್ಲಿ ನಿಂತ ವೀರಗಲ್ಲನ್ನು ಕಂಡೊಡನೆ ದೇವಾಲಯಕ್ಕೂ ಅದೇ ಶಕವನ್ನು ಆರೋಪಿಸುವವರು ನಮ್ಮಲ್ಲಿ ಇನ್ನೂ ಉಂಟು! ಶಿಷ್ಯರಿಗೆ ಈ ವಿವೇಕವನ್ನು ಕಲಿಸಲು ಇದಕ್ಕಿಂತ ಸುಲಭವಾದ ಉದಾಹರಣೆ ದೊರೆಯದು; ಇಲ್ಲಿ ಎರಡು ವರ್ಷಗಳೂ ನಿಶ್ಚಿತ.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಟ್ರಿನಿಟಿ ಚರ್ಚು ಈಗ ಆ ಸಭೆಗೆ ಸೇರಿರುವುದು.