ಸಾಹಿತ್ಯವಿಲ್ಲದ ಸ್ತುತಿ: ಫಿಲ್ ಕೇಗಿಯವರ ‘ದ ಮಾಸ್ಟರ್ ಅಂಡ್ ದ ಮ್ಯೂಸಿಶಿಯನ್’ ಮತ್ತು ಅದರ ಪೂರ್ವಪರಂಪರೆ

ಅಮೆರಿಕದ ಗಿಟಾರ್ ವಾದಕ ಫಿಲ್ ಕೇಗಿಯವರ ಮೊದಲ ಪೂರ್ಣ ವಾದ್ಯಸಂಗೀತದ ಆಲ್ಬಂ ‘ದ ಮಾಸ್ಟರ್ ಅಂಡ್ ದ ಮ್ಯೂಸಿಶಿಯನ್’ 1978ರಲ್ಲಿ ನ್ಯೂಸಾಂಗ್ ರೆಕಾರ್ಡ್ಸ್ ಮೂಲಕ ಹೊರಬಂತು. ಸಮಕಾಲೀನ ಕ್ರೈಸ್ತ ಸಂಗೀತ ಎಂಬ ಪ್ರಕಾರ ಆಗಿನ್ನೂ ಹತ್ತು ವರ್ಷದ ಕೂಸು. ಲ್ಯಾರಿ ನಾರ್ಮನ್ 1969ರಲ್ಲಿ ‘ಅಪಾನ್ ದಿಸ್ ರಾಕ್’ ತಂದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್ವರಿ ಚಾಪೆಲ್‌ನ ಆಶ್ರಯದಲ್ಲಿ ಮಾರನಾಥ ಮ್ಯೂಸಿಕ್ ಹುಟ್ಟಿತು. ಇವರೆಲ್ಲ ರಾಕ್ ಮತ್ತು ಜಾನಪದ ಧಾಟಿಗಳನ್ನು ಹೊರಗಿನಿಂದ ತಂದುಕೊಂಡವರು. ಹಾಗಾಗಿ ಅವರ ಸಂಗೀತವನ್ನು ಕ್ರೈಸ್ತವೆನ್ನಲು ಇದ್ದ ಆಧಾರ ಒಂದೇ, ಹಾಡಿನ ಸಾಹಿತ್ಯ. ಸಾಹಿತ್ಯವನ್ನೇ ತೆಗೆದಿಟ್ಟ ಮೇಲೆ ಉಳಿದದ್ದನ್ನು ಯಾವ ನ್ಯಾಯದಿಂದ ಭಕ್ತಿಸಂಗೀತವೆನ್ನಬೇಕು? ಕೇಗಿ ಈ ಪ್ರಶ್ನೆಗೆ ಕೊಟ್ಟ ಉತ್ತರ ಹೊಸದಲ್ಲ, ಬಹಳ ಹಳೆಯದು ಎಂಬುದು ಈ ಲೇಖನದ ವಾದ.

ಕೇಗಿ 1951ರಲ್ಲಿ ಒಹಾಯೋ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ ಹುಟ್ಟಿದರು. ಹತ್ತು ಮಕ್ಕಳ ಕ್ಯಾಥೊಲಿಕ್ ಕುಟುಂಬ ಅದು. ನಾಲ್ಕನೆಯ ವಯಸ್ಸಿನಲ್ಲಿ ನೀರಿನ ಪಂಪಿಗೆ ಸಿಕ್ಕಿ ಬಲಗೈಯ ನಡುಬೆರಳಿನ ಅರ್ಧ ಭಾಗ ಹೋಯಿತು. ತಂತಿ ಮೀಟುವ ಕೈಯೇ ಅದು ಎಂಬುದನ್ನು ಅವರ ವಾದನ ಕೇಳುವಾಗ ನಂಬುವುದು ಕಷ್ಟ. 1968ರಲ್ಲಿ ಕಟ್ಟಿದ ‘ಗ್ಲಾಸ್ ಹಾರ್ಪ್’ ತಂಡದ ಆಲ್ಬಂಗಳನ್ನು ಡೆಕ್ಕಾ ಕಂಪನಿ ತಂದಿತು. 1971ರ ನವೆಂಬರಿನಲ್ಲಿ ತಂಡ ನ್ಯೂಯಾರ್ಕ್‌ನ ಕಾರ್ನೆಗೀ ಹಾಲ್‌ನಲ್ಲೂ ನುಡಿಸಿತು. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ತಿರುಗಿಸುತ್ತಾ, ಮೀಟಿನ ಪೆಟ್ಟು ಕೇಳಿಸದಂತೆ ಸ್ವರವನ್ನು ಮೆಲ್ಲಗೆ ಎತ್ತಿ ಪಿಟೀಲಿನಂತೆ ಉದ್ದಕ್ಕೆ ಎಳೆಯುವ ಅವರ ಕ್ರಮ ಆ ದಿನಗಳಲ್ಲೇ ರೂಢಿಯಾಗಿತ್ತು. 1970ರಲ್ಲಿ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡರು. ಕೇಗಿಯವರ ಮನಃಪರಿವರ್ತನೆ ಆದದ್ದು ಆ ದುಃಖದಲ್ಲಿ. 1972ರಲ್ಲಿ ತಂಡವನ್ನು ಬಿಟ್ಟರು. ಮುಂದೆ ನ್ಯೂಯಾರ್ಕ್ ರಾಜ್ಯದ ಫ್ರೀವಿಲ್‌ನಲ್ಲಿದ್ದ ಲವ್ ಇನ್ ಎಂಬ ಕ್ರೈಸ್ತ ಸಮುದಾಯವನ್ನು ಸೇರಿದರು.

ಮಾತಿಲ್ಲದ ವಾದ್ಯಕ್ಕೆ ಚರ್ಚಿನಲ್ಲಿ ಜಾಗವಿದೆಯೇ ಎಂಬ ಜಗಳ ಗಿಟಾರಿಗಿಂತ ಎಷ್ಟೋ ಹಿಂದಿನದು. ಹದಿನಾರನೆಯ ಶತಮಾನದ ಜೂರಿಚ್‌ನಲ್ಲಿ ಪಾದ್ರಿ ಜ್ವಿಂಗ್ಲಿಯ ಧರ್ಮಸುಧಾರಣೆ ಆರ್ಗನ್ನುಗಳನ್ನೇ ಚರ್ಚುಗಳಿಂದ ಹೊರಹಾಕಿತು. ಲೂಥರನ್ ಪಂಥ ಬೇರೆ ದಾರಿ ಹಿಡಿಯಿತು. ಸಭೆ ಹಾಡಲಿರುವ ಕೀರ್ತನೆಯ ಧಾಟಿಯನ್ನು ಆರ್ಗನ್ ವಾದಕ ಮೊದಲು ನುಡಿಸಿ ಬೆಳೆಸುವ ಪದ್ಧತಿ ಅಲ್ಲಿ ಊರ್ಜಿತವಾಯಿತು. ಜರ್ಮನ್ ಸಂಗೀತಕಾರ ಬಾಖ್ ‘ಆರ್ಗೆಲ್‌ಬ್ಯುಷ್‌ಲೈನ್’ನಲ್ಲಿ ಇಂಥ 46 ರಚನೆಗಳನ್ನು ಬಿಟ್ಟುಹೋಗಿದ್ದಾನೆ. ವೀಣೆಯಲ್ಲಿ ಪರಿಚಿತ ದೇವರನಾಮವೊಂದು ಮೂಡಿದಾಗ ಕೇಳುಗರ ಮನಸ್ಸು ಸಾಹಿತ್ಯವನ್ನು ತಾನೇ ಕೂಡಿಸಿಕೊಳ್ಳುತ್ತದಲ್ಲ, ಅದೇ ವ್ಯವಹಾರ ಇಲ್ಲಿಯೂ ನಡೆಯುತ್ತದೆ. ಇದಕ್ಕಿಂತ ಕಠಿಣವಾದ ಪರೀಕ್ಷೆ ಸಂಗೀತಕಾರ ಹೈಡನ್‌ನ ಪಾಲಿಗೆ ಬಂತು. ಸ್ಪೇನಿನ ಕಾಡಿಜ್ ಪಟ್ಟಣದ ಶುಭ ಶುಕ್ರವಾರದ ಆರಾಧನೆಗಾಗಿ, ಶಿಲುಬೆಯ ಮೇಲಿಂದ ಕ್ರಿಸ್ತನಾಡಿದ ಏಳು ಮಾತುಗಳ ಮೇಲೆ ಬರಿಯ ವಾದ್ಯಗೋಷ್ಠಿಗೆಂದು ಅವನು ಸಂಗೀತ ಬರೆದ. ಪ್ರತಿ ಮಾತಿನ ಮೇಲೂ ಮೊದಲು ಉಪದೇಶ, ಆಮೇಲೆ ಸಂಗೀತ. 1796ರಲ್ಲಿ ಅದೇ ಕೃತಿಗೆ ಸಾಹಿತ್ಯ ಸೇರಿಸಿ ಗಾಯನರೂಪವನ್ನೂ ಕೊಟ್ಟ. ಶುದ್ಧ ವಾದ್ಯಸಂಗೀತ ಮಾತಿನ ಸೆಳೆತದಿಂದ ಪೂರ್ತಿ ಬಿಡಿಸಿಕೊಂಡಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಹಿನ್ನೆಲೆಯಲ್ಲಿ 1978ರ ಆಲ್ಬಮ್ಮಿನ ರಚನೆಗಳ ಶೀರ್ಷಿಕೆಗಳನ್ನು ಗಮನಿಸಬೇಕು. ‘ಪಿಲ್‌ಗ್ರಿಮ್ಸ್ ಫ್ಲೈಟ್’ ಯಾತ್ರಿಕನದು. ‘ಅಗೋರಾ’ ಸಂತೆಬೀದಿ. ಆಮೇಲೆ ಕೋಟೆಯ ಕರೆ, ಹಳ್ಳಿಯ ದೊಡ್ಡಮನೆಯ ಮದುವೆ, ಚಿನ್ನದ ಸಭಾಂಗಣಗಳು. ಮುಂದೆ ‘ಡೀಪ್ ಕಾಲ್ಸ್ ಅಂಟು ಡೀಪ್’. ಇದು ಬೈಬಲಿನ 42ನೆಯ ಕೀರ್ತನೆಯ ಮಾತು. ಸಂಜೆಯ ಪ್ರಾರ್ಥನೆಯಿಂದ ಶುರುವಾಗುವ ಒಂದು ಗುಚ್ಛವೂ ಇದೆ. ಯಾತ್ರಿಕ, ಸಂತೆ, ಕೋಟೆ ಎಂಬ ಈ ಸಾಲು ಇಂಗ್ಲಿಷ್ ಲೇಖಕ ಬನ್ಯನ್‌ನ ರೂಪಕಕಥೆಯನ್ನು ನೆನಪಿಸದೆ ಇರದು. ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ ಎಂದು ಕನ್ನಡಕ್ಕೆ ತಂದ ಕಥೆ ಅದು. ಬನ್ಯನ್‌ನ ಪುಸ್ತಕ ಅಚ್ಚಾದದ್ದು 1678ರಲ್ಲಿ, ಈ ಆಲ್ಬಮ್ಮಿಗೆ ಸರಿಯಾಗಿ ಮುನ್ನೂರು ವರ್ಷ ಮೊದಲು. ಇಷ್ಟನ್ನು ನಾನು ಸಾಮ್ಯವೆಂದೇ ಹೇಳುತ್ತಿದ್ದೇನೆ, ಆಕರವೆಂದಲ್ಲ. ‘ಮೌತ್‌ಪೀಸ್’, ‘ಫಾಲೋ ಮಿ ಅಪ್’ನಂಥ ಲವಲವಿಕೆಯ ತುಣುಕುಗಳು ಈ ಚೌಕಟ್ಟಿಗೆ ಒಗ್ಗುವುದೂ ಇಲ್ಲ. ಆದರೂ ಶೀರ್ಷಿಕೆಗಳನ್ನು ಓದಿಕೊಂಡು ಕೇಳುವವರಿಗೆ ಒಂದು ಪಯಣದ ಹಾದಿ ಸಿಗುತ್ತದೆ. ಕಾಡಿಜ್‌ನಲ್ಲಿ ಉಪದೇಶ ಮಾಡಿದ ಕೆಲಸವನ್ನು ಇಲ್ಲಿ ಶೀರ್ಷಿಕೆ ಮಾಡುತ್ತದೆ.

ಕೊನೆಯ ತುಣುಕು, ಉಪಸಂಹಾರವೆಂದು ಹೆಸರಿಟ್ಟ ‘ಅಮೇಜಿಂಗ್ ಗ್ರೇಸ್’, ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯ. ಇಂಗ್ಲೆಂಡಿನ ಓಲ್ನಿಯ ಪಾದ್ರಿ ಜಾನ್ ನ್ಯೂಟನ್ ಬರೆದ ಈ ಗೀತೆ 1779ರಲ್ಲಿ ಅಚ್ಚಾಯಿತು. ಇಂದು ಎಲ್ಲರೂ ಗುನುಗುವ ಧಾಟಿ ಅದಕ್ಕೆ ಕೂಡಿಬಂದದ್ದು 1835ರಲ್ಲಿ, ವಿಲಿಯಂ ವಾಕರ್ ಅಮೆರಿಕದಲ್ಲಿ ತಂದ ‘ಸದರ್ನ್ ಹಾರ್ಮನಿ’ ಸಂಕಲನದಲ್ಲಿ. 1970ರಲ್ಲಿ ಜೂಡಿ ಕಾಲಿನ್ಸ್ ಅದನ್ನು ಜನಪ್ರಿಯ ಗಾಯನವಾಗಿಸಿದರು. 1972ರಲ್ಲಿ ಸ್ಕಾಟ್ಲೆಂಡಿನ ಸೇನಾ ತುಕಡಿಯೊಂದು ಬ್ಯಾಗ್‌ಪೈಪಿನಲ್ಲಿ ನುಡಿಸಿದ ರೂಪ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹೀಗೆ ಕೇಗಿ ಅದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಪದವೇ ಬೇಡದಷ್ಟು ಆ ಧಾಟಿ ಕಿವಿಗಳಲ್ಲಿ ನೆಲೆಸಿತ್ತು. ಬಾಖ್ ತನ್ನ ಸಭೆಯ ನೆನಪನ್ನು ನೆಚ್ಚಿದಂತೆಯೇ ಕೇಗಿ ತಮ್ಮ ಕೇಳುಗರ ನೆನಪನ್ನು ನೆಚ್ಚಿದರು.

ಮುಂದಿನ ಕಥೆಯಲ್ಲಿ ಮನ್ನಣೆ ಹೆಚ್ಚು. 1987ರ ‘ದ ವಿಂಡ್ ಅಂಡ್ ದ ವೀಟ್’ ಹಾಗೂ 1991ರ ‘ಬಿಯಾಂಡ್ ನೇಚರ್’ ಎರಡಕ್ಕೂ ವಾದ್ಯಸಂಗೀತ ವಿಭಾಗದಲ್ಲಿ ಕ್ರೈಸ್ತ ಸಂಗೀತದ ಡವ್ ಪ್ರಶಸ್ತಿ ಬಂತು. ‘ಬಿಯಾಂಡ್ ನೇಚರ್’ನ ಶೀರ್ಷಿಕೆಗಳ ಹಿಂದೆ ಲೇಖಕ ಸಿ. ಎಸ್. ಲೂಯಿಸ್ ಇದ್ದಾರೆ. ‘ಆಡಿಸನ್ಸ್ ವಾಕ್’ ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಕಾಲುದಾರಿ. 1931ರ ಸೆಪ್ಟೆಂಬರಿನ ಒಂದು ರಾತ್ರಿ ಗೆಳೆಯರಾದ ಟೋಲ್ಕಿನ್ ಮತ್ತು ಡೈಸನ್ ಜತೆ ಲೂಯಿಸ್ ಅಲ್ಲಿ ಮಾತಾಡುತ್ತ ನಡೆದದ್ದು ಅವರು ಕ್ರೈಸ್ತ ನಂಬಿಕೆಗೆ ಮರಳಿದ ಕಥೆಯ ಮುಖ್ಯ ಘಟ್ಟ. ‘ಬ್ರದರ್ ಜ್ಯಾಕ್’ನ ಜ್ಯಾಕ್, ಆಪ್ತರು ಲೂಯಿಸರನ್ನು ಕರೆಯುತ್ತಿದ್ದ ಹೆಸರು. ಇದನ್ನೆಲ್ಲ ಅರಿಯದವರಿಗೂ ಆಲ್ಬಂ ಇಂಪಾಗಿಯೇ ಕೇಳುತ್ತದೆ, ಆದರೆ ಭಕ್ತಿಯ ನೆಲೆ ಅವರಿಗೆ ದಕ್ಕುವುದಿಲ್ಲ. ಓದಿದವರಿಗೆ ಮಾತ್ರ ತೆರೆಯುವ ಬಾಗಿಲು ಅದು. 1978ರ ಕೃತಿಯ ಬಾಗಿಲನ್ನು ತೆರೆಯಲು ಎಲ್ಲರೂ ಬಲ್ಲ ಒಂದು ಧಾಟಿ ಸಾಕು.

ನುಡಿಸಾಣಿಕೆಯ ನಯದಲ್ಲಿ ‘ಬಿಯಾಂಡ್ ನೇಚರ್’ ಮುಂದಿದೆ ಎನ್ನುವುದನ್ನು ನಾನು ಒಪ್ಪುತ್ತೇನೆ. ಸಭೆಯ ಸಂಗೀತವಾಗಿ ನೋಡಿದರೆ ‘ದ ಮಾಸ್ಟರ್ ಅಂಡ್ ದ ಮ್ಯೂಸಿಶಿಯನ್’ ಹೆಚ್ಚಿನ ಕೃತಿ. ಕೇಗಿಯವರನ್ನು ಹೊಸದಾಗಿ ಕೇಳುವವರು ಅದರಿಂದಲೇ ತೊಡಗಲಿ, ತುಣುಕುಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳದೆ ಮೊದಲಿನಿಂದ ಕೊನೆಯವರೆಗೆ ಕೇಳಲಿ.